ಲಾಡ್ಜಿಗೆ ಅಪ್ಪ ಕೊಟ್ಟ ಮುಂಗಡ

ನನಗೆ ಪ್ರೈಮರಿ ಶಾಲೆಯ ಟೀಚರ್ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಎಂಬತ್ತರ ದಶಕದ ಕೊನೆಯ ಮಾತು. ತಂಗಿ ಸುಮಿತ್ರಳ ಮದುವೆ ನಿಶ್ಚಯವಾಯಿತು. ನಮ್ಮದು ರಾಮಗಿರಿ ಹತ್ತಿರದ ಹಳ್ಳಿ. ಅಪ್ಪ ಕುರಿ ಸಾಕಿ, ಇದ್ದ ಚೂರು ಹೊಲದಲ್ಲಿ ರಾಗಿ ಬೆಳೆದು ನಮ್ಮಿಬ್ಬರನ್ನು ಓದಿಸಿದವನು. ಗಂಡಿನ ಕಡೆಯವರು ರಾಣೆಬೆನ್ನೂರಿನವರು. ಮದುವೆ ಹೊಳಲ್ಕೆರೆಯ ಕಲ್ಯಾಣ ಮಂಟಪದಲ್ಲಿ ಎಂದಾಯಿತು.

ನನ್ನ ಮದುವೆ ಹಳ್ಳಿಯಲ್ಲೇ ಆಗಿತ್ತು. ಆಗ ಬಂದ ನೆಂಟರನ್ನು ಮನೆಗಿಷ್ಟು ಜನ ಎಂದು ಊರಿನವರೇ ಹಂಚಿಕೊಂಡು ಮಲಗಿಸಿದ್ದರು. ಈ ಸಲ ಹಾಗಾಗುವಂತಿರಲಿಲ್ಲ. ನಿಶ್ಚಿತಾರ್ಥದ ದಿನ ಹುಡುಗನ ಸೋದರಮಾವ ಊಟಕ್ಕೆ ಕೂತಲ್ಲೇ, "ಬಿಡಾರ ಒಂದು ಚಲೋ ನೋಡ್ರಿ. ನಮ್ಮ ಮುದುಕಿ ಬರ್ತಾಳ, ಮಂಡಿನೋವು" ಎಂದಿದ್ದರು. ಸಂಜೆ ಸುಮಿತ್ರ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕಣ್ಣಲ್ಲಿ ನೀರು ತಂದುಕೊಂಡಳು. "ಅಕ್ಕ, ಬಿಡಾರದ ಇಸ್ಯದಾಗೆ ಅವರ ಬಾಯಿಗೆ ಸಿಗೋ ಹಂಗೆ ಮಾಡಬ್ಯಾಡ. ನಾಳೆ ಅಲ್ಲಿ ಬಾಳೋಳು ನಾನು."

ಮಾರನೇ ವಾರವೇ ನಾನೂ ಅಪ್ಪನೂ ಹೊಳಲ್ಕೆರೆಗೆ ಹೋದೆವು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ಲಾಡ್ಜು. ಅಲ್ಲಿನ ಮ್ಯಾನೇಜರ್ ನಾಗೇಂದ್ರಪ್ಪ ಐವತ್ತರ ಆಸುಪಾಸಿನವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಎಂಟು ರೂಮು ಬೇಕು ಅಂದೆ. "ಮೇಡಂ, ಅವತ್ತು ಭಾರಿ ಮುಹೂರ್ತ ಐತೆ. ರೂಮಿಗೆ ಜನ ಮೇಲೆ ಬೀಳ್ತಾರೆ" ಅಂದರು. ನನ್ನ ಬಾಯಿ ಮೊದಲೇ ಜೋರು. ತರಕಾರಿಯವಳ ಹತ್ತಿರ ಒಂದು ಕಟ್ಟು ಕೊತ್ತಂಬರಿ ಸುಮ್ಮನೆ ಹಾಕಿಸಿಕೊಳ್ಳದೆ ಸಂತೆಯಿಂದ ಬಂದವಳಲ್ಲ. "ಒಂದು ರೂಮಿಗೆ ಬಂದಿದ್ರೆ ಹಂಗೆ ಹೇಳ್ರಿ, ಎಂಟು ರೂಮು ತಗಳ್ತೀವಿ. ಬಾಡಿಗೆ ಇಳಿಸ್ಬೇಕು, ಬೆಳಿಗ್ಗೆ ಬಿಸಿನೀರು ಕೊಡ್ಬೇಕು, ರೂಮಿಗೊಂದು ಹಾಸಿಗೆ ಜಾಸ್ತಿ ಹಾಕ್ಬೇಕು, ಹುಡುಗನ ಅಜ್ಜಿಗೆ ಕೆಳಗಿನ ರೂಮೇ ಆಗ್ಬೇಕು" ಅಂದೆ. ಅವರು ಬಿಸಿನೀರಿಗೆ ಒಪ್ಪಿದರು, ಹಾಸಿಗೆಗೆ ಒಪ್ಪಲಿಲ್ಲ. ನಾನು ಎದ್ದು ಬಾಗಿಲವರೆಗೆ ಹೋದೆ. ಕರೆದರು. ಹಾಸಿಗೆಗೂ ಒಪ್ಪಿದರು. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಅಪ್ಪ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ಮಗಳ ವ್ಯಾಪಾರ ಅವನಿಗೆ ಖುಷಿ ಕೊಟ್ಟಿತ್ತು ಅಂತ ಕಾಣುತ್ತದೆ.

ಮಧ್ಯಾಹ್ನದ ಶಾಲೆಗೆ ನಾನು ಬಸ್ಸು ಹಿಡಿಯಬೇಕಿತ್ತು. ಮುಂಗಡದ ದುಡ್ಡನ್ನು ಅಪ್ಪನ ಕೈಗೆ ಕೊಟ್ಟು, "ಹೆಸರು ಬರೆಸಿ ರಸೀದಿ ಇಸ್ಕಂಡು ಬಾ" ಎಂದು ಹೇಳಿ ಹೊರಟೆ. ರಾತ್ರಿ "ಆತೇನಪ್ಪ?" ಅಂತ ಕೇಳಿದ್ದಕ್ಕೆ "ಆತವ್ವ, ಮಾತು ಗಟ್ಟಿ ಆತು" ಅಂದ. ಆಮೇಲೆ ಸೀರೆ, ಪತ್ರಿಕೆ, ಅಡುಗೆಯವರು ಎಂದು ಓಡಾಟ ಶುರುವಾಗಿ ರಸೀದಿಯನ್ನು ನಾನು ಕೇಳಲೇ ಇಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ರೂಮು ಗುಡಿಸಿದ್ದಾರೋ ಇಲ್ಲವೋ ನೋಡೋಣ ಎಂದು ಅಪ್ಪನ ಜೊತೆ ಲಾಡ್ಜಿಗೆ ಹೋದೆ. ಗಂಡಿನವರ ರೈಲು ಮಧ್ಯಾಹ್ನಕ್ಕಿತ್ತು. ನಾಗೇಂದ್ರಪ್ಪ ರಿಜಿಸ್ಟರ್ ತೆಗೆದು ಎರಡು ಸಲ ಬೆರಳಾಡಿಸಿದರು. "ನಿಮ್ಮ ಹೆಸರೇ ಇಲ್ವಲ್ಲ ಮೇಡಂ. ಅಡ್ವಾನ್ಸ್ ಬರ್ಲಿಲ್ಲ, ಬೇಡ ಅಂತ ಬಿಟ್ರೇನೋ ಅಂದ್ಕಂಡೆ. ಬೇರೆ ಮದುವೆಯೋರಿಗೆ ಆರು ರೂಮು ಕೊಟ್ಟಾಯ್ತು. ಎರಡು ಅವೆ, ಅಷ್ಟೇ."

ನಾನು ಅಪ್ಪನ ಕಡೆ ತಿರುಗಿದೆ. ಅವನು ಸಮಾಧಾನವಾಗಿ ಹೇಳಿದ: "ನಾನು ಎಲೆಅಡಿಕೆ ಕೊಟ್ಟಿದ್ನಲ್ಲವ್ವ. ದುಡ್ಡು ನಿಮ್ಮವ್ವನ ಪೆಟ್ಟಿಗೇಲಿ ಐತೆ."

ಕುರಿ ವ್ಯಾಪಾರದ ಪದ್ಧತಿ ಅದು. ಬೆಲೆ ಒಪ್ಪಿಗೆಯಾದ ಮೇಲೆ ಎಲೆಅಡಿಕೆ ಕೈಗಿಡುತ್ತಾರೆ. ಎದುರಿನವರು ಅದನ್ನು ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಇನ್ನು ಯಾರು ಎಷ್ಟು ಹೆಚ್ಚು ಕೊಡುತ್ತೇನೆಂದರೂ ಆ ಕುರಿ ಬೇರೆಯವರಿಗೆ ಹೋಗುವಂತಿಲ್ಲ. ದುಡ್ಡು ಕೊಡುವುದು ಕುರಿ ಹೊಡೆದುಕೊಂಡು ಹೋಗುವ ದಿನ. ಅದಕ್ಕೆ ಮೊದಲೇ ದುಡ್ಡು ಕೊಡಹೋದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಅಪ್ಪ ಲಾಡ್ಜಿನವರಿಗೆ ಅಷ್ಟು ಮರ್ಯಾದೆ ಕೊಟ್ಟಿದ್ದ.

ನನಗೆ ಅದೆಲ್ಲ ಆಗ ಎಲ್ಲಿ ಹೊಳೆಯಬೇಕು. ಕಣ್ಣ ಮುಂದೆ ಸುಮಿತ್ರಳ ಮುಖ ಬಂತು. ಬೇರೆ ಮದುವೆಯ ನೆಂಟರು, ಓಡಾಡುವ ಹುಡುಗಿಯರು, ಟೀ ತಂದವನು, ಎಲ್ಲರೂ ನಿಂತು ನೋಡುತ್ತಿದ್ದಂತೆಯೇ ಕಿರುಚಿದೆ. "ಇದೇನು ಕುರಿ ಸಂತೆನಾ? ನಿನ್ನ ಎಲೆಅಡಿಕೆ ಇಲ್ಲಿ ಯಾರಿಗೆ ಬೇಕಾಗಿತ್ತು? ಒಂದು ಕೆಲಸ ಹೇಳಿದ್ರೆ ನೆಟ್ಟಗೆ ಮಾಡಾಕೆ ಬರಲ್ಲ. ನಿನ್ನಿಂದ ಅವಳ ಬಾಳು ಹಾಳಾತು."

ಅಪ್ಪ ತಲೆಗೆ ಸುತ್ತಿದ್ದ ವಲ್ಲಿಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡ. ಮ್ಯಾನೇಜರ ಹತ್ತಿರ ಹೋಗಿ ಕೇಳಿದ.

"ಸಾಮಿ, ನಾನು ಎಲೆ ಕೊಟ್ಟಿದ್ದು, ನೀವು ಇಸ್ಕಂಡಿದ್ದು ಹೌದಾ, ಅಲ್ವಾ? ಅಷ್ಟು ಹೇಳ್ರಿ ಸಾಕು."

ಅಲ್ಲ ಎಂದಿದ್ದರೆ ಯಾರು ಕೇಳುವವರಿದ್ದರು? ಸಾಕ್ಷಿಯೇ ಇರಲಿಲ್ಲ. ನಾಗೇಂದ್ರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೌದು ಯಜಮಾನ್ರೆ. ಇಸ್ಕಂಡೆ, ಹಾಕ್ಕಂಡೆ. ಆಗ ಫೋನು ಬಂದಿತ್ತು, ಎಲೆ ಯಾಕೆ ಕೊಟ್ರಿ ಅಂತ ಯೋಚ್ನೆ ಮಾಡ್ಲಿಲ್ಲ."

"ಅಷ್ಟೇ ಸಾಮಿ" ಅಂದ ಅಪ್ಪ. "ಬಾರವ್ವ, ಹೋಗಾಣ. ಬ್ಯಾರೆ ಕಡೆ ನೋಡಾಣ."

ನಾವು ಮೆಟ್ಟಿಲಿಳಿಯುತ್ತಿದ್ದಾಗ ನಾಗೇಂದ್ರಪ್ಪ ಹಿಂದಿನಿಂದ ಓಡಿಬಂದರು. "ನಿಂತ್ಕಳ್ರಿ ಯಜಮಾನ್ರೆ. ಅಡ್ವಾನ್ಸ್ ಕೊಟ್ಟೋರನ್ನ ಎಬ್ಬಿಸಾಕಾಗಲ್ಲ. ಎರಡು ರೂಮು ತಗಳ್ರಿ. ವಯಸ್ಸಿನ ಹುಡುಗರಿಗೆ ಮೇಲೆ ಶೀಟಿನ ಹಾಲ್ ಐತೆ, ಹಾಸಿಗೆ ಹಾಕಿಸ್ತೀನಿ. ಅಜ್ಜಿ, ಹೆಂಗಸರು, ಮಕ್ಕಳು ನಮ್ಮನೇಗೆ ಬರ್ಲಿ. ಹಿಂದಿನ ಬೀದೀಲೇ ಐತೆ, ಮೆಟ್ಟಿಲೂ ಇಲ್ಲ."

ನಾನು ಸಂಕೋಚದಿಂದ "ನಿಮ್ಮ ಮನೆಯೋರು ಏನಂತಾರೆ?" ಅಂದೆ. "ಬೈತಾಳೆ. ಆಮೇಲೆ ಅಕ್ಕಿ ನೆನೆ ಹಾಕ್ತಾಳೆ" ಎಂದು ನಕ್ಕರು.

ಹಾಗೇ ಆಯಿತು. ಅವರ ಹೆಂಡತಿ ಗೌರಮ್ಮ ನಡುಮನೆ, ಎರಡು ಕೋಣೆ ಬಿಟ್ಟುಕೊಟ್ಟು, ತಾವು ಮಕ್ಕಳೊಂದಿಗೆ ಅಡುಗೆಮನೆಯಲ್ಲಿ ಮಲಗಿದರು. ಬೆಳಿಗ್ಗೆ ಹಂಡೆಗಟ್ಟಲೆ ನೀರು ಕಾಯಿಸಿ, ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕಿ, ಎಲ್ಲರಿಗೂ ದೋಸೆ ಹಾಕಿಕೊಟ್ಟರಂತೆ. ನನಗೆ ಇದೆಲ್ಲ ಗೊತ್ತಾದದ್ದು ಮಂಟಪದಲ್ಲಿ. ಅಜ್ಜಿ ಅಪ್ಪನ ಕೈ ಹಿಡಿದುಕೊಂಡು, "ನಿಮ್ಮ ತಮ್ಮನ ಮನ್ಯಾಗ ಭಾಳ ಚಲೋ ನೋಡ್ಕೊಂಡ್ರಪಾ. ಎಲ್ಲಿ ಅವ್ರು? ಧಾರೀಗೆ ಕರೀರಿ" ಅಂದಾಗ ನಾನು ಕಕ್ಕಾಬಿಕ್ಕಿಯಾದೆ. ಲಾಡ್ಜಿನವನ ಮನೆಯಲ್ಲಿ ಇಳಿಸಿದರು ಎಂದು ನಮ್ಮ ಹುಡುಗಿ ಮುಂದೆಂದೂ ಮಾತು ಕೇಳುವಂತಾಗಬಾರದು ಅಂತ, ನಾಗೇಂದ್ರಪ್ಪ ಸ್ಟೇಷನ್ನಿನಲ್ಲೇ "ನಾನು ಹುಡುಗಿ ಚಿಕ್ಕಪ್ಪ" ಎಂದು ಹೇಳಿ ಅವರನ್ನು ಕರೆದುಕೊಂಡು ಹೋಗಿದ್ದರು.

ಹೇಳಿಕಳಿಸಿದೆವು. ಗಂಡಹೆಂಡತಿ ಇಬ್ಬರೂ ಬಂದರು. ಸುಮಿತ್ರಳ ಕೈಗೆ ಧಾರೆ ಹಾಲು ಎರೆಯುವಾಗ ಗೌರಮ್ಮ ಅತ್ತುಬಿಟ್ಟರು. ನಾನೂ ಅತ್ತೆ.

ಊಟವೆಲ್ಲ ಮುಗಿದ ಮೇಲೆ ಅಪ್ಪ ಮಂಟಪದ ಹಿಂದಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕೂತು, "ಅಪ್ಪ, ನಿನ್ನೆ ನಾನು ಅಷ್ಟು ಜನದ ಮುಂದೆ..." ಎಂದು ಶುರು ಮಾಡಿದೆ. ಪೂರ್ತಿ ಹೇಳಲು ಅವನು ಬಿಡಲಿಲ್ಲ.

"ನೀನು ಬೈದಿದ್ದಕ್ಕೇ ಅಲ್ವೇನವ್ವ ಆ ಪುಣ್ಯಾತ್ಮನಿಗೆ ಕರುಳು ಚುರ್ ಅಂದಿದ್ದು. ನೀನು ಸುಮ್ಕಿದ್ದಿದ್ರೆ ನಾನು ಸುಮ್ಕೆ ಎದ್ದು ಬರ್ತಿದ್ದೆ. ಮದುವೆ ನಡೆಸಿದೋಳು ನೀನೇ" ಅಂದ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಸುಮಿತ್ರ ಇವತ್ತಿಗೂ ಹೊಳಲ್ಕೆರೆಗೆ ಬಂದರೆ ಚಿಕ್ಕಪ್ಪನ ಮನೆಯೆಂದು ಗೌರಮ್ಮನವರ ಮನೆಯಲ್ಲೇ ಇಳಿಯುತ್ತಾಳೆ. ನನ್ನ ತಪ್ಪನ್ನು ಒಳ್ಳೆಯದೆಂದು ಹೇಳಿ ಅಪ್ಪ ನನ್ನನ್ನು ಸಮಾಧಾನ ಮಾಡಿದ್ದು ಅವತ್ತೇ ನನಗೆ ಗೊತ್ತಿತ್ತು. ಆದರೂ ನಂಬಿದವಳ ಹಾಗೆ ತಲೆ ಆಡಿಸಿದೆ. ಲಾಡ್ಜಿನ ಆ ಐದು ನಿಮಿಷ ಇನ್ನೊಂದು ಸಲ ಸಿಗುವುದಾದರೆ, ನಾನು ಬಾಯಿ ಮುಚ್ಚಿಕೊಂಡು ಅಪ್ಪನ ಪಕ್ಕದಲ್ಲಿ ಹೋಗಿ ನಿಲ್ಲುತ್ತೇನೆ.