ಸರ್ ಪಕ್ಕದ ಸೀಟು

ನಮ್ಮ ಬ್ಯಾಸ್ಕೆಟ್‌ಬಾಲ್ ಸರ್ ನಿವೃತ್ತರಾದಾಗ ತುಮಕೂರಿನಲ್ಲಿ ಅವರಿಗೊಂದು ಅಭಿನಂದನಾ ಗ್ರಂಥ ತಂದರು. ಹಳೆಯ ಆಟಗಾರ್ತಿ ಅಂತ ನನ್ನನ್ನೂ ಎರಡು ಪುಟ ಕೇಳಿದ್ದರು. ‘ತಂದೆಯಂಥ ಗುರು’ ಎಂದು ತಲೆಬರಹ ಹಾಕಿ, ಅರ್ಧ ಗಂಟೆಯಲ್ಲಿ ಬರೆದು ವಾಟ್ಸಾಪ್ ಮಾಡಿದೆ. ಸುಳ್ಳು ಬರೆಯಲು ಅಷ್ಟು ಹೊತ್ತು ಧಾರಾಳವಾಯಿತು. ಆದರೆ ಪುಸ್ತಕ ಕೈಗೆ ಬಂದಾಗ ಮುಖಪುಟ ನೋಡಿ ಅದನ್ನು ಮಗುಚಿಟ್ಟೆ. ಒಬ್ಬ ಹೆಂಗಸು ಸರ್ ಕಾಲಿಗೆ ಬಿದ್ದಿದ್ದಾರೆ, ಸರ್ ಅವರ ತಲೆಯ ಮೇಲೆ ಕೈಯಿಟ್ಟು ಕ್ಯಾಮೆರಾ ನೋಡುತ್ತಿದ್ದಾರೆ. ಆ ಹೆಂಗಸು ನನ್ನ ಹಾಸ್ಟೆಲ್ ಗೆಳತಿಯ ಅವ್ವ. ಅವರು ಯಾಕೆ ಬಿದ್ದರು ಅನ್ನುವುದು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಬರೆಯಬೇಕಾದವಳು ನಾನೇ, ನಾನು ಬರೆದಿರಲಿಲ್ಲ.

ಗುಬ್ಬಿಯಿರಲಿ, ಕುಣಿಗಲ್ ಇರಲಿ, ಎಲ್ಲಿ ಟೂರ್ನಮೆಂಟ್ ಆದರೂ ನಮ್ಮ ಕಾಲೇಜಿನ ಹುಡುಗಿಯರ ಆಟಕ್ಕಿಂತ ಮೊದಲು ಶಿಸ್ತಿಗೆ ಚಪ್ಪಾಳೆ ಬೀಳುತ್ತಿತ್ತು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಇಸ್ತ್ರಿ ಮಾಡಿದ ಜೆರ್ಸಿ. ಪಂದ್ಯಕ್ಕೆ ಮೊದಲು ಹನ್ನೆರಡು ಹುಡುಗಿಯರೂ ಕೋರ್ಟಿನ ನಡುವೆ ಸಾಲಾಗಿ ಬಂದು ಸರ್ ಕಾಲು ಮುಟ್ಟಬೇಕು. ಜನ ಮೊಬೈಲ್ ಎತ್ತಿ ವಿಡಿಯೊ ಮಾಡಿಕೊಳ್ಳುತ್ತಿದ್ದರು. “ಹೆಣ್ಮಕ್ಳು ಅಂದ್ರೆ ಹಿಂಗಿರ್ಬೇಕು ಕಣ್ರೀ” ಅನ್ನುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಗುರುವಿನ ಕಾಲಿಗೆ ಬೀಳುವ ಮಕ್ಕಳು ಸೋತು ಬಂದರೂ ಯಾರೂ ಬೈಯುವುದಿಲ್ಲ. ಸರ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

ಜನರಿಗೆ ಗೊತ್ತಿಲ್ಲದಿದ್ದದ್ದು ಒಂದೇ. ಅದು ಆಶೀರ್ವಾದವಲ್ಲ, ತಂಡದ ಪಟ್ಟಿ. ಯಾರ ತಲೆಯ ಮೇಲೆ ಕೈಯಿಟ್ಟರೋ ಆ ಐದು ಜನವೇ ಕೊನೆಯವರೆಗೂ ಆಡುವವರು, ನಡುವೆ ಬದಲಿ ಇಳಿಸುತ್ತಿರಲಿಲ್ಲ. ಮಿಕ್ಕವರು ಬಗ್ಗಿದಾಗ ಸರ್ ಅರ್ಧ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಕೈಗೆ ಕಾಲು ಸಿಗಲಿಲ್ಲ ಅಂದರೆ ಎದ್ದು ಬೆಂಚಿಗೆ ಹೋಗಬೇಕು, ಮುಖ ಮಾತ್ರ ನಗುತ್ತಿರಬೇಕು. ಅಳುವವಳಿಗೆ ಮುಂದಿನ ಊರಿಗೆ ಬಸ್ಸೇ ಇಲ್ಲ. ಕೊನೆಯ ಗಳಿಗೆಯವರೆಗೆ ಯಾರಿಗೂ ಏನೂ ಗೊತ್ತಿರುತ್ತಿರಲಿಲ್ಲ. ಹನ್ನೆರಡು ಜನರೂ ವಾರಪೂರ್ತಿ ಅವರ ಮುಖ ನೋಡಿಕೊಂಡೇ ಬದುಕುತ್ತಿದ್ದೆವು.

ನನ್ನ ಗೆಳತಿ ಹಾಗಲವಾಡಿಯವಳು. ಅವಳ ತಲೆಯ ಮೇಲೆ ಕೈ ತಪ್ಪಿದ್ದೇ ಇಲ್ಲ. “ಬಾಲ್ ಹಿಡ್ಕೊಂಡಿದ್ಯೋ, ಮುದ್ದೆ ಕಟ್ತಿದ್ಯೋ?” ಎಂದು ಸರ್ ನಮ್ಮನ್ನೆಲ್ಲ ಹಂಗಿಸುವಾಗಲೂ ಅವಳ ತಂಟೆಗೆ ಹೋಗುತ್ತಿರಲಿಲ್ಲ. ನಾನು ಆರನೆಯವಳು. ಐವರ ಆಟದಲ್ಲಿ ಆರನೆಯವಳು ಅಂದರೆ ನೀರಿನ ಬಾಟಲಿ ಎತ್ತಿಕೊಡುವವಳು.

ನಮ್ಮ ಕೊನೆಯ ವರ್ಷ ಗುಬ್ಬಿಯ ಪಂದ್ಯಕ್ಕೆ ವಿಶ್ವವಿದ್ಯಾಲಯದ ತಂಡ ಆರಿಸುವವರು ಬರುವುದಿತ್ತು. ಆ ತಂಡಕ್ಕೆ ಸೇರಿದರೆ ಒಂದು ಸರ್ಟಿಫಿಕೇಟ್, ಅದಿದ್ದರೆ ಕ್ರೀಡಾ ಕೋಟಾದಲ್ಲಿ ದೈಹಿಕ ಶಿಕ್ಷಣದ ಕೋರ್ಸಿಗೆ ಸೀಟು. ಅವಳಿಗೂ ಅದೇ ಬೇಕಿತ್ತು, ನನಗೂ ಅದೇ. ವ್ಯತ್ಯಾಸ ಇಷ್ಟೇ, ಅವಳಿಗೆ ಆಟ ಬರುತ್ತಿತ್ತು. ಮಗಳ ಆಟ ನೋಡಲು ಮೊದಲ ಸಲ ಅವ್ವನೂ ಊರಿಂದ ಬರುವವರಿದ್ದರು.

ಎರಡು ದಿನ ಮುಂಚೆ ಅವಳು ಹಾಸ್ಟೆಲ್ ಬಚ್ಚಲಲ್ಲಿ ಜಾರಿ ಮಂಡಿ ಊದಿಸಿಕೊಂಡಳು. ಎಣ್ಣೆ ಕಾಯಿಸಿ ತಿಕ್ಕಿದವಳು ನಾನೇ. “ಸರ್‌ಗೆ ಗೊತ್ತಾದ್ರೆ ಮುಗೀತು ಕಣೇ, ಯಾರ್ಗೂ ಹೇಳ್ಬೇಡ” ಅಂದಳು. ನಾನು ತಲೆಯಾಡಿಸಿದೆ. ಪಂದ್ಯದ ದಿನ ಬೆಳಿಗ್ಗೆ ಊತ ಇಳಿದಿತ್ತು. ವರಾಂಡದಲ್ಲಿ ಹತ್ತು ಸಲ ಎಗರಿ ತೋರಿಸಿ, “ನೋಡು, ಏನೂ ಇಲ್ಲ” ಎಂದು ನಕ್ಕಳು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು. ಇದನ್ನು ಬೇರೆ ಯಾವ ಥರ ಹೇಳುವುದಕ್ಕೂ ನನಗೆ ಬರುವುದಿಲ್ಲ.

ಬಸ್ಸಿನಲ್ಲಿ ಸರ್ ತಮ್ಮ ಪಕ್ಕದ ಸೀಟನ್ನು ಯಾವಾಗಲೂ ಖಾಲಿ ಬಿಡುತ್ತಿದ್ದರು. ಏನಾದರೂ ಹೇಳುವುದಿದ್ದವರು ಹೋಗಿ ಕೂರಬಹುದು. ಅವರು ಯಾವತ್ತೂ ಏನನ್ನೂ ಕೇಳುತ್ತಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದರು. ಯಾರು ಹಾಸ್ಟೆಲಿಗೆ ತಡವಾಗಿ ಬಂದಳು, ಯಾರು ಅವರ ನಡಿಗೆಯನ್ನು ಅಣಕಿಸಿದಳು, ಎಲ್ಲವೂ ಆ ಸೀಟಿನಲ್ಲೇ ತಲುಪುತ್ತಿತ್ತು. ಅಲ್ಲಿ ಕೂರುವವಳನ್ನು ನಾವು ಬೆನ್ನ ಹಿಂದೆ ಉಗಿಯುತ್ತಿದ್ದೆವು. ಗುಬ್ಬಿ ಇನ್ನೇನು ಬಂತು ಅನ್ನುವಾಗ ನಾನು ಎದ್ದು ಹೋಗಿ ಕೂತೆ.

“ಸರ್, ಅವ್ಳ ಮಂಡಿ ಊದ್ಕೊಂಡಿದೆ. ನಿಮಗೆ ಹೇಳೋಕೆ ಹೆದರ್ತಿದಾಳೆ.”

ಊತ ಇಳಿದ ವಿಷಯ ಹೇಳಲಿಲ್ಲ. “ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ, ಟೀಮ್ ಮುಖ್ಯ” ಅಂದ ಸರ್, ತಾವು ತಿನ್ನುತ್ತಿದ್ದ ಕಡಲೆಕಾಯಿಯಲ್ಲಿ ಒಂದು ಹಿಡಿ ನನ್ನ ಕೈಗೆ ಹಾಕಿದರು.

ಕೋರ್ಟಿನ ನಡುವೆ ಅವಳು ಬಗ್ಗಿದಾಗ ಸರ್ ಹಿಂದಕ್ಕೆ ಸರಿದರು. ಅವಳ ಬೆರಳು ಸಿಮೆಂಟಿಗೆ ತಾಗಿತು. ಏನೋ ತಪ್ಪಾಯಿತು ಅಂದುಕೊಂಡು ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಬಗ್ಗಿದಳು. ಸರ್ ಮತ್ತೆ ಸರಿದರು. ಜನರ ಕಡೆಗೆ ನಗುತ್ತಲೇ, ನಮಗಷ್ಟೇ ಕೇಳುವ ಹಾಗೆ, “ಕುಂಟು ಕುದುರೆ ಕಟ್ಕೊಂಡು ನಾನೇನ್ಮಾಡ್ಲಿ? ಹೋಗ್ ಕೂತ್ಕೋ” ಅಂದರು. ಆಮೇಲೆ ನನ್ನ ಸರದಿ. ತಲೆಯ ಮೇಲೆ ಬಿದ್ದ ಕೈ ಕಡಲೆಕಾಯಿ ವಾಸನೆ ಹೊಡೆಯುತ್ತಿತ್ತು.

ನಾನು ಆಡಿದೆ, ಚೆನ್ನಾಗಿಯೇ ಆಡಿದೆ. ಗೆದ್ದೆವು. ಪಂದ್ಯ ಮುಗಿದ ಮೇಲೆ ಅವಳ ಅವ್ವ ತಂಬಿಟ್ಟಿನ ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಮುಖ ಅರಳಿತ್ತು.

“ನಿಮ್ ಸಾರು ಎಂಥಾ ದೊಡ್ಡ ಮನ್ಸ್ಯ ಕಣವ್ವ! ಕೆಲವ್ರ ಕೈಲಿ ಮುಟ್ಟುಸ್ಕಂಡ್ರು, ನೀನು ಬಗ್ಗಿದ್ರೆ ಬ್ಯಾಡ ಬ್ಯಾಡ ಅಂತ ಎಲ್ಡ್ ಸಲ ಹಿಂದಕ್ ಸರುದ್ರಲ್ಲ!”

ನಮ್ಮ ಕಡೆ ದೊಡ್ಡವರು ಕಾಲು ಹಿಂದಕ್ಕೆಳೆದುಕೊಂಡರೆ ಅದು ಗೌರವ. ಅವ್ವನಿಗೆ ಬೇರೆ ಅರ್ಥ ತಿಳಿಯುವ ದಾರಿಯೇ ಇರಲಿಲ್ಲ. “ಮತ್ತೆ ನೀನ್ಯಾಕವ್ವ ಆಡ್ಲಿಲ್ಲ?” ಎಂದು ಕೇಳಿದರು.

“ಮಂಡಿ ನೋಯ್ತಿತ್ತು ಕಣವ್ವ. ನಾನು ಹೇಳ್ದಿದ್ರೂ ಸರ್‌ಗೆ ಗೊತ್ತಾಗಿ ರೆಸ್ಟ್ ಕೊಟ್ರು” ಅಂದಳು. ಅನ್ನುವಾಗ ಅವ್ವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

“ಹೆತ್ತೋಳು ನಂಗೇ ತಿಳೀಲಿಲ್ಲ, ಅವ್ರಿಗೆ ತಿಳೀತು ನೋಡು!” ಅವ್ವ ಡಬ್ಬಿಯನ್ನು ಮಗಳ ಕೈಗೆ ತುರುಕಿ, ಸೆರಗು ಸರಿಮಾಡಿಕೊಂಡು ನೇರ ಹೋಗಿ ಸರ್ ಕಾಲಿಗೆ ಬಿದ್ದರು. ಈ ಸಲ ಕಾಲು ಸರಿಯಲಿಲ್ಲ. ಪೇಪರಿನ ಫೋಟೊದವನು “ಒಂದ್ನಿಮ್ಷ ಹಂಗೇ ಇರಮ್ಮ” ಅಂದ. ಅವ್ವ ಹಾಗೇ ಇದ್ದರು.

ಗೆಳತಿ ಡಬ್ಬಿ ತೆಗೆದು ಒಂದು ತಂಬಿಟ್ಟು ನನ್ನ ಮುಂದೆ ಹಿಡಿದಳು. “ತಿನ್ನು. ನಮ್ಮವ್ವ ನಿಂಗೂ ಅಂತ್ಲೇ ಕಟ್ಕೊಂಡು ಬಂದವ್ಳೆ.” ತಿಂದೆ. ಅವಳು ನಾನು ನುಂಗುವವರೆಗೂ ನೋಡುತ್ತ ನಿಂತಿದ್ದಳು. ಅಲ್ಲಿಂದಾಚೆಗೆ ನನ್ನ ಜೊತೆ ಮಾತಾಡಲಿಲ್ಲ, ಆ ವಾರವೇ ರೂಮು ಬದಲಿಸಿದಳು. ಈಗ ಗುಬ್ಬಿಯಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸವಂತೆ. ಆ ಬೀದಿಗೆ ನಾನು ಹೋಗುವುದಿಲ್ಲ.

ಸರ್ಟಿಫಿಕೇಟ್ ನನಗೆ ಬಂತು, ಸೀಟೂ ಸಿಕ್ಕಿತು. ಈಗ ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ನಾನೇ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇನೆ. ನನ್ನ ಕಾಲನ್ನು ಯಾರೂ ಮುಟ್ಟಕೂಡದು. ಆಡುವವರ ಪಟ್ಟಿಯನ್ನು ಹಿಂದಿನ ದಿನವೇ ನೋಟಿಸ್ ಬೋರ್ಡಿಗೆ ಹಾಕಿಸುತ್ತೇನೆ. ಈ ಮೇಡಂ ಬಲು ನೇರ ಎಂದು ತಾಲ್ಲೂಕಿನಲ್ಲೆಲ್ಲ ಹೆಸರಾಗಿದೆ.

ಹೋದ ತಿಂಗಳು ತಂಡ ಕರೆದುಕೊಂಡು ತುಮಕೂರಿಗೆ ಹೊರಟಿದ್ದೆ. ಹೆಬ್ಬೂರು ದಾಟಿದ ಮೇಲೆ ನಮ್ಮ ಆರನೆಯ ಹುಡುಗಿ ಹಿಂದಿನಿಂದ ಎದ್ದು ಬಂದು, ಕಂಬಿ ಹಿಡಿದು ನಿಂತಳು. “ಮೇಡಂ, ಒಂದ್ ವಿಷ್ಯ ಹೇಳ್ಬೇಕಿತ್ತು” ಅಂದಳು. ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ ಅಂತ ಬಾಯಿವರೆಗೆ ಬಂತು.

ಪಕ್ಕದ ಸೀಟಿನ ಮೇಲಿಟ್ಟಿದ್ದ ಬ್ಯಾಗನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ.