ಐದನೆಯ ತಟ್ಟೆ

ಮಹಾಲಿಂಗಪುರದ ಸಂತೆಯಲ್ಲಿ ಪುಂಡಿಸೊಪ್ಪಿನ ಸಿವುಡು ಬಿಚ್ಚಿದಾಗ ಏಳುವ ಹುಳಿವಾಸನೆ ನನ್ನನ್ನು ಈಗಲೂ ತೇರದಾಳದ ಅಡುಗೆಮನೆಗೆ ಎಳೆದೊಯ್ಯುತ್ತದೆ. ಆ ಮನೆ ಈಗಿಲ್ಲ. ಅಲ್ಲೊಂದು ಮೊಬೈಲ್ ಅಂಗಡಿಯಿದೆ. ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಮಹಾನವಮಿ ಅಮಾವಾಸ್ಯೆಯ ದಿನ, ತೀರಿಕೊಂಡವರಿಗೆ ಎಡೆ ಹಿಡಿಯಲು ಆಕೆ ಬೆಳಗಿನಿಂದ ಒಲೆ ಬಿಟ್ಟು ಏಳುತ್ತಿರಲಿಲ್ಲ. ಜೋಳದ ನುಚ್ಚು, ಬೇಳೆ ಹಾಕಿದ ಪುಂಡಿಪಲ್ಲೆ, ಬಿಸಿರೊಟ್ಟಿ, ಹೋಳಿಗೆ, ಹೊಲದಿಂದ ಬಂದ ಎಳೆ ಸೌತೆಕಾಯಿ. ಎಡೆಯಾಗುವ ತನಕ ಯಾರೂ ರುಚಿ ನೋಡುವಂತಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು. ಆದರೆ ನಮ್ಮಲ್ಲಿ ತೀರಿಕೊಂಡವರು ನಾಲ್ವರು, ತಟ್ಟೆ ಐದು. ಐದನೆಯದು ಸಣ್ಣದು, ಅದಕ್ಕೆ ಬೇರೆ ಗಡಿಗೆಯಲ್ಲಿ ಉಪ್ಪಿಲ್ಲದ ಪಲ್ಲೆ. ಎಡೆಯಾದ ಮೇಲೆ ನಾಲ್ಕು ತಟ್ಟೆಗಳನ್ನು ನಾವು ಹಂಚಿ ಉಣ್ಣುತ್ತಿದ್ದೆವು. ಐದನೆಯದು ಆಕಳಿಗೆ ಹೋಗುತ್ತಿತ್ತು.

ಅದು ಯಾರದೆಂದು ಕೇಳಿ ಕೇಳಿ ಆಯಿಯ ತಲೆ ತಿಂದೆ. ನನಗಾಗ ಎಂಟು ವರ್ಷ. ಕೊನೆಗೆ ಆಕೆ ಹೇಳಿದಳು. ಮೂರು ವರ್ಷದವಳಿದ್ದಾಗ ನನಗೆ ಜೋರು ಜ್ವರ ಬಂದಿತ್ತಂತೆ. ಪುಂಡಿಪಲ್ಲೆ ಬೇಕೆಂದು ಅತ್ತಾಗ ಉಪ್ಪಿಲ್ಲದ್ದನ್ನು ಒಂದೇ ತುತ್ತು ಕೊಟ್ಟರಂತೆ. ಮರುದಿನ ಉಸಿರು ನಿಂತಿತೆಂದು ಮುಖದ ತುಂಬ ಕಂಬಳಿ ಹೊದಿಸಿದರಂತೆ. ಮನೆಯವರ ಅಳು ಮುಗಿಯುವ ಮೊದಲೇ ನಾನು ಎದ್ದು ಕೂತು ನೀರು ಕೇಳಿದೆನಂತೆ. ಇಷ್ಟು ಹೇಳಿ ಆಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಅಂದಳು: "ಹೋದಾಕಿ ಒಬ್ಬಾಕಿ, ಬಂದಾಕಿ ಒಬ್ಬಾಕಿ ಇದ್ರ? ಹೋದಾಕಿ ಪಥ್ಯದಾಗ ಹೋಗ್ಯಾಳ. ಉಪವಾಸ ಇರಬಾರದವಾ."

ಹಾಗಾದರೆ ನಾನು ಯಾರು? ಆಯಿಗೆ ಬೇಕಾದವಳು ನಾನೋ, ಅವಳೋ? ಹೊಟ್ಟೆಕಿಚ್ಚಿನಿಂದ ಆ ವರ್ಷ, ಆಕಳಿಗೆ ಹೋಗುವ ಮುನ್ನ ಆ ತಟ್ಟೆಯನ್ನು ಕದ್ದು ಉಂಡೆ. ಸಪ್ಪನೆಯ ಹುಳಿ. ಜ್ವರದಲ್ಲಿ ಉಂಡದ್ದು ನನಗೆ ನೆನಪಿರಲಿಲ್ಲ, ನಾಲಿಗೆಗೆ ಮಾತ್ರ ಗುರುತಿತ್ತು. ತಿರುಗಿದರೆ ಬಾಗಿಲಲ್ಲಿ ಆಯಿ. ಆಕೆ ಬೈಯಲಿಲ್ಲ. ಸೆರಗಿನಿಂದ ನನ್ನ ಬಾಯಿ ಒರೆಸಿ, ಬಹಳ ಹೊತ್ತು ಮುಖ ನೋಡಿದಳು. "ಬಂದೀಯೇನವಾ? ಆತು ಬಿಡು. ಇನ್ನ ನೀ ಒಬ್ಬಾಕೀನ." ಮರುವರ್ಷದಿಂದ ತಟ್ಟೆ ನಾಲ್ಕೇ ಆದವು.

ಈಗ ಆಯಿಯೂ ಇಲ್ಲ. ಆಕೆಯಿಲ್ಲದ ಅಮಾವಾಸ್ಯೆ ನನಗೆ ಬಹಳ ಕಷ್ಟ. ಮುಧೋಳದ ನನ್ನ ಮನೆಯಲ್ಲಿ ಆಕೆಗೂ ಒಂದು ತಟ್ಟೆ ಬಡಿಸುತ್ತೇನೆ. ಎಡೆಯಾದ ಮೇಲೆ ಅದನ್ನು ಯಾರಿಗೂ ಕೊಡದೆ ನಾನೇ ಉಣ್ಣುತ್ತೇನೆ. ಎಲ್ಲರಿಗೂ ಒಂದೇ ಪಾತ್ರೆಯ ಪಲ್ಲೆ. ಉಪ್ಪು ಹದವಾಗಿದೆ ಎಂದು ಮನೆಯವರು ಅನ್ನುತ್ತಾರೆ. ಆಯಿಯ ತಟ್ಟೆಯದು ಮಾತ್ರ ನನ್ನ ನಾಲಿಗೆಗೆ ಅಂದಿನ ಐದನೆಯ ತಟ್ಟೆಯಂತೆ ಸಪ್ಪಗಿರುತ್ತದೆ. ನಾನು ಉಪ್ಪು ಕೇಳುವುದಿಲ್ಲ.