ಕೋಗಳಿಯ ಅಗಸೆ ಚಟ್ನಿಪುಡಿ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಹಗರಿಬೊಮ್ಮನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ವೃತ್ತಿಯುದ್ದಕ್ಕೂ ರೋಗಿಗಳ ಸುಳ್ಳು ಕೇಳಿ ಕೇಳಿ, ಯಾರು ಮಾತ್ರೆ ನುಂಗಿದ್ದಾರೆ, ಯಾರು ಕಿಟಕಿಯಾಚೆ ಎಸೆದಿದ್ದಾರೆ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಸುಧಾಳ ಪ್ರಕರಣದಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ತೊಡಕಾದದ್ದೇ ಅಲ್ಲಿ.

ಸುಧಾಗೆ ಮೂವತ್ತರ ಆಸುಪಾಸು ವಯಸ್ಸು. ಗಂಡನ ಮನೆ ಹರಪನಹಳ್ಳಿ, ತವರು ಕೋಗಳಿ. ಹೃದಯದ ಕವಾಟ ಕೆಟ್ಟು, ದೊಡ್ಡ ಆಸ್ಪತ್ರೆಯೊಂದರಲ್ಲಿ ಲೋಹದ ಕವಾಟ ಹಾಕಿಸಿಕೊಂಡಿದ್ದಳು. ಬಾಣಂತನಕ್ಕೆ ಹೇಗೋ ಹಾಗೆ ದೊಡ್ಡ ಆಪರೇಷನ್ ಆದಮೇಲೂ ಹೆಣ್ಣುಮಗಳು ತವರಿಗೇ ಬರಬೇಕು, ಇದು ಈ ಕಡೆಯ ರೂಢಿ. ತಾಯಿ ಕೊಟ್ರಮ್ಮ ಮಗಳನ್ನು ಕೋಗಳಿಗೆ ಕರೆತಂದು ಆರೈಕೆಗೆ ನಿಂತಿದ್ದರು.

ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ವಾರ್ಫರಿನ್ ಎಂಬ ಮಾತ್ರೆ ನುಂಗಬೇಕು. ಅದರ ಪ್ರಭಾವವನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆಯಿಂದ ಅಳೆಯುತ್ತೇವೆ. ನಮ್ಮ ನಿಮ್ಮಲ್ಲಿ ಅದು ಒಂದರ ಸುತ್ತ ಇರುತ್ತದೆ, ಸುಧಾಳಲ್ಲಿ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕಿತ್ತು. ಇಳಿದರೆ ಕವಾಟದಲ್ಲಿ ರಕ್ತ ಗಟ್ಟಿಯಾಗುತ್ತದೆ, ಏರಿದರೆ ಎಲ್ಲೆಂದರಲ್ಲಿ ಸೋರುತ್ತದೆ. ಅತ್ತ ದರಿ, ಇತ್ತ ಪುಲಿ.

ಒಂದು ಬೆಳಿಗ್ಗೆ ಸುಧಾ ಮೂಗಿಗೆ ಬಟ್ಟೆ ಒತ್ತಿಕೊಂಡು ಬಂದಳು. ವಸಡಿನಿಂದಲೂ ರಕ್ತ ಬರುತ್ತಿತ್ತು, ತೋಳಿನ ಮೇಲೆ ನೀಲಿ ಕಲೆಗಳು. ಐಎನ್‌ಆರ್ ಎಂಟು ದಾಟಿತ್ತು. ವಾರ್ಫರಿನ್ ನಿಲ್ಲಿಸಿ, ಅವಳ ಆಪರೇಷನ್ ಮಾಡಿದ ವೈದ್ಯರನ್ನು ಫೋನಿನಲ್ಲಿ ಕೇಳಿ, ವಿಟಮಿನ್ ಕೆ ಎಷ್ಟು ಬೇಕೋ ಅಷ್ಟೇ ಕೊಟ್ಟು ಇಳಿಸಿದೆವು. ಮಾತ್ರೆ ಎರಡೆರಡು ಸಲ ನುಂಗಿದಳೇ, ನೋವಿನ ಗುಳಿಗೆ ತಿಂದಳೇ, ನಾಟಿ ಔಷಧಿ ಏನಾದರೂ ಉಂಟೇ? ಎಲ್ಲಕ್ಕೂ ಇಲ್ಲ ಎಂದರು. ಮಾತ್ರೆಯ ಪ್ರಮಾಣ ತಗ್ಗಿಸಿ ಮನೆಗೆ ಕಳಿಸಿದೆ.

ಕೆಲವೇ ದಿನಗಳಲ್ಲಿ ಮತ್ತೆ ಬಂದಳು. ಐಎನ್‌ಆರ್ ಮತ್ತೆ ಏರಿತ್ತು, ಈ ಸಲ ತಲೆನೋವು ಬೇರೆ. ಮಿದುಳಿನಲ್ಲಿ ರಕ್ತ ಸೋರಿದ್ದರೆ ಕತೆ ಮುಗಿದಂತೆ. ಹೊಸಪೇಟೆಗೆ ಕಳಿಸಿ ಸ್ಕ್ಯಾನ್ ಮಾಡಿಸಿದೆವು. ಪುಣ್ಯಕ್ಕೆ ಏನೂ ಇರಲಿಲ್ಲ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಏನು ಕೊಡ್ತಿದೀರಿ ಅಂತ ನಿಜ ಹೇಳಿ. ಮುಂದಿನ ಸಲ ಮಗಳು ಉಳಿಯೋದಿಲ್ಲ" ಎಂದು ಕೊಟ್ರಮ್ಮನನ್ನು ಗದರಿದೆ.

ಆಕೆ ಅಳಲಿಲ್ಲ. "ಕೊಟ್ಟೂರಪ್ಪನ ಆಣಿ ಮಾಡಿ ಹೇಳ್ತೀನ್ರಿ ಡಾಕ್ಟರಮ್ಮ. ನೀವು ಬರದು ಕೊಟ್ಟಿದ್ದು ಬಿಟ್ರ ಒಂದ್ ಗುಳಿಗಿನೂ ನುಂಗ್ಸಿಲ್ಲ. ಮನಿ ಊಟ ಬಿಟ್ಟು ಅಕಿ ಬಾಯಿಗೆ ಏನೂ ಹೋಗಿಲ್ಲ" ಎಂದರು.

ಸುಧಾಳನ್ನು ದಾಖಲು ಮಾಡಿಕೊಂಡೆ. ವಾರ್ಡಿನಲ್ಲಿ ಆಸ್ಪತ್ರೆಯ ಊಟದ ಮೇಲಿದ್ದಾಗ ಅವಳ ಐಎನ್‌ಆರ್ ಹೇಳಿದ ಮಾತು ಕೇಳಿತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕೊಟ್ರಮ್ಮ ಬುತ್ತಿ ಕಟ್ಟಿಕೊಂಡು ಬಂದರು. ಬೈದ ಡಾಕ್ಟರಿಗೂ ಉಣ್ಣಿಸದೆ ಬಿಡುವ ಹೆಂಗಸಲ್ಲ ಆಕೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು, ಅಗಸೆ ಚಟ್ನಿಪುಡಿ. ಅಗಸೆಯ ಪುಡಿ ಕಂದು ಬಣ್ಣದ್ದು. ಇದು ಮೊಸರಿಗೆ ಬಿದ್ದೊಡನೆ ಮೊಸರು ಹಳದಿಯಾಯಿತು, ನನ್ನ ಬೆರಳೂ ಹಳದಿಯಾಯಿತು. ಇದಕ್ಕೆ ಏನು ಹಾಕಿದ್ದೀರಿ ಎಂದು ಕೇಳಿದೆ.

"ಅರಿಶಿಣದ ಮಾತ್ರಿ ಪುಡಿರಿ. ಎದಿ ಕ್ಯಾನ್ಸರ್ ಬರಂಗಿಲ್ಲಂತ, ಮೊಬೈಲ್‌ನಾಗ ತೋರಿಸ್ತಾರಲ್ರಿ. ಮ್ಯಾಲಿನ ಚಿಪ್ಪು ಎಲುಬಿಂದ ಮಾಡ್ತಾರಂತ್ರಿ. ನಾವು ಲಿಂಗ ಕಟ್ಟಿದವ್ರು, ಅದನ್ನ ಹೆಂಗ್ ನುಂಗೂದ್ರಿ? ಚಿಪ್ಪು ಬಿಚ್ಚಿ ವಗದು, ಪುಡಿ ಅಷ್ಟ ಚಟ್ನಿಯಾಗ ಕಲಸೀನಿ. ಊಟ ಬಲ್ಲವಗ ರೋಗಿಲ್ಲ ಅಂತಾರಲ್ರಿ."

ಕ್ಯಾಪ್ಸೂಲಿನ ಹೊದಿಕೆಯ ವಿಷಯದಲ್ಲಿ ಆಕೆ ಹೇಳಿದ್ದು ಸುಳ್ಳಲ್ಲ. ಸಾಮಾನ್ಯವಾಗಿ ಅದು ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದ ಜೆಲಾಟಿನ್. ಚಿಪ್ಪು ಕಸದ ಬುಟ್ಟಿಗೆ ಹೋದಮೇಲೆ ಆಕೆಯ ಪಾಲಿಗೆ ಅದು ಮಾತ್ರೆಯಾಗಿ ಉಳಿಯಲಿಲ್ಲ, ಊಟವಾಯಿತು. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ಯಾರಿಗೂ ತೊಂದರೆಯಿಲ್ಲ. ಕ್ಯಾಪ್ಸೂಲಿನಲ್ಲಿರುವುದು ಅರಿಶಿನದ ಸಾರವನ್ನು ಭಟ್ಟಿಯಿಳಿಸಿದಂತೆ ಗಟ್ಟಿ ಮಾಡಿ, ಮೈಗೆ ಬೇಗ ಹತ್ತಲೆಂದು ಕರಿಮೆಣಸಿನ ಸತ್ವ ಬೆರೆಸಿದ್ದು. ಅದು ಕ್ಯಾನ್ಸರ್ ತಡೆಯುತ್ತದೆ ಎಂದು ಸಾಬೀತಾಗಿಲ್ಲ. ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವವಾಗುವ ಅಪಾಯವಂತೂ ಇದೆ.

ವಿವರಿಸಿ ಹೇಳಿದಾಗ ಕೊಟ್ರಮ್ಮನ ಮುಖ ಬಿಳಿಚಿಕೊಂಡಿತು. "ನಾನ ಉಣ್ಣಿಸಿ ಕೊಲ್ತಿದ್ನೇನ್ರಿ?" ಎಂದರು. ನನ್ನ ಸಿಟ್ಟೆಲ್ಲ ಇಳಿದು ಅಯ್ಯೋ ಅನ್ನಿಸಿತು. ಮಗಳ ಹೃದಯ ಕೆಟ್ಟಿರುವಾಗ ಕ್ಯಾನ್ಸರಿನ ಹೆದರಿಕೆ ಎಲ್ಲಿಂದ ಬಂತು ಎಂದು ಕೇಳಿದೆ. ಹಡಗಲಿಯಲ್ಲಿದ್ದ ಆಕೆಯ ತಂಗಿ ಅದೇ ರೋಗದಲ್ಲಿ ತೀರಿಕೊಂಡಳಂತೆ. ಹಾಗಾದರೆ ನೀವೂ ಈ ಪುಡಿ ತಿನ್ನುತ್ತೀರಾ ಎಂದೆ.

"ಇಲ್ರಿ. ಬಂದ ಮ್ಯಾಲ ತಡಿಯೋ ಪುಡಿ ಯಾಕ್ರಿ?"

ನಾನು ಕೈ ತೊಳೆದು ಆಕೆಯನ್ನು ಪರದೆಯ ಹಿಂದಕ್ಕೆ ಕರೆದೆ. ಎಡ ಸ್ತನದಲ್ಲಿ ಗೋಲಿಯಷ್ಟು ಗಾತ್ರದ ಗಟ್ಟಿ ಗಂಟು. ಯುಗಾದಿಯಿಂದಲೂ ಆಕೆಗೆ ಗೊತ್ತಿತ್ತು. ಕಂಕುಳಲ್ಲಿ ಕೈಗೆ ಏನೂ ಸಿಗಲಿಲ್ಲ. ಯಾಕೆ ಯಾರಿಗೂ ಹೇಳಲಿಲ್ಲ ಎಂದರೆ, "ಮಗಳ ಎದಿ ಕೊಯ್ದದ್ದು ಇನ್ನಾ ಹಸಿ ಐತ್ರಿ. ನಾನೂ ಮಲಗಿದ್ರ ಅಕಿ ಆರೈಕಿ ಯಾರು ಮಾಡ್ತಾರ?" ಎಂದರು.

ಪರದೆಯಾಚೆ ಮಂಚದ ಮೇಲಿದ್ದ ಸುಧಾಗೆ ಎಲ್ಲ ಕೇಳಿಸಿತ್ತು. "ಎವ್ವಾ, ನೀನಿಲ್ದ ನಾನು ಈ ಕವಾಟ ಇಟ್ಕೊಂಡು ಏನ್ ಮಾಡ್ಲಿ?" ಎಂದಳು. ಕೊಟ್ರಮ್ಮನನ್ನು ಪರೀಕ್ಷೆಗೆ ಒಪ್ಪಿಸಿದ್ದು ನನ್ನ ಬುದ್ಧಿವಾದವಲ್ಲ, ಈ ಮಾತು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು, ಆದರೆ ಮೊದಲ ಹಂತ. ಆಪರೇಷನ್ ಆಯಿತು, ಚಿಕಿತ್ಸೆ ಮುಗಿಯಿತು. ಆರೈಕೆಗೆ ಆಕೆ ಹರಪನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಸುಧಾಳ ಐಎನ್‌ಆರ್ ಮತ್ತೆ ಏರಲಿಲ್ಲ. ಇಬ್ಬರೂ ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ.

ಸ್ತನ ಕ್ಯಾನ್ಸರ್ ಬಾರದಂತೆ ಏನು ತಿನ್ನಬೇಕು ಎಂದು ಈಗಲೂ ಜನ ಕೇಳುತ್ತಾರೆ. ಸೊಪ್ಪು, ಕಾಳು, ಜೋಳ ತಿನ್ನಿ, ಮೈಭಾರ ಏರದಂತೆ ನಡೆದಾಡಿ, ಅಪಾಯ ಒಂದಿಷ್ಟು ತಗ್ಗೀತು ಎನ್ನುತ್ತೇನೆ. ಕೈಗೆ ಸಿಕ್ಕ ಗಂಟನ್ನು ಯಾವ ಪುಡಿಯೂ ಕರಗಿಸುವುದಿಲ್ಲ ಎಂದೂ ಸೇರಿಸುತ್ತೇನೆ. ಏನು ತಿನ್ನುತ್ತೀರಿ ಎಂದು ಕೇಳುವುದನ್ನು ಕಾಲೇಜು ಕಲಿಸಿತ್ತು. ಯಾವ ಹೆದರಿಕೆಗೆ ತಿನ್ನುತ್ತೀರಿ ಎಂದು ಕೇಳುವುದನ್ನು ಕಲಿಸಿದ್ದು ನೌಕರಿ. ಆ ದಿನ ಚಟ್ನಿಪುಡಿ ಚೆಲ್ಲಿಸಿ ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ಮಗಳು ಉಳಿಯುತ್ತಿದ್ದಳು. ತಾಯಿ ಬಾಯಿ ಬಿಡದೆ ಮನೆಗೆ ಹೋಗಿ ಸಾಯುತ್ತಿದ್ದರು.